ನಾಲಿಗೆ ತುದಿಯ ಕೊಲೆಗಾರ

ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ಅದರ ಕೊನೆಯ ಪುಟ ಇದೆಯೋ ಇಲ್ಲವೋ ಎಂದು ನೋಡುತ್ತೇನೆ. ಓದುವುದಿಲ್ಲ, ಆ ಪಾಪಕ್ಕೆ ನಾನು ಕೈ ಹಾಕುವವಳಲ್ಲ. ಬೆರಳಿನಿಂದ ಸುಮ್ಮನೆ ಸವರಿ, ಇದೆ ಎಂದು ಖಾತ್ರಿ ಮಾಡಿಕೊಂಡು, ಮೊದಲ ಪುಟಕ್ಕೆ ಮರಳುತ್ತೇನೆ. ಅಡುಗೆ ಪುಸ್ತಕವಾದರೂ ಅಷ್ಟೆ, ಪಂಚಾಂಗವಾದರೂ ಅಷ್ಟೆ. ಮೊನ್ನೆ ಭಾನುವಾರ ಹೈದರಾಬಾದಿನ ಆಬಿಡ್ಸ್ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಹಿಂದಿನಿಂದ ಸವರುತ್ತಿದ್ದೆ. ಅಂಗಡಿಯವನಿಗೆ ತಡೆಯಲಾಗಲಿಲ್ಲ. ಹಿಂದೆ ಏನು ಹುಡುಕುತ್ತಿದ್ದೀರಮ್ಮಾ ಎಂದು ಕೇಳಿದ.

"ಖೂನಿ ಕೋ ಢೂಂಡ್ ರಹೀ ಹೂಂ," ಎಂದೆ, ಕೊಲೆಗಾರನನ್ನು ಹುಡುಕುತ್ತಿದ್ದೇನೆ ಎಂದು.

ಅವನು ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು ತಾನೂ ಒಮ್ಮೆ ಹಿಂದಿನ ಪುಟ ನೋಡಿದ.

ಈ ಚಟ ನನಗೆ ಅಂಟಿದ್ದು ಹಿಮಾಯತ್‌ನಗರದ ಬಾಡಿಗೆ ಮನೆಯಲ್ಲಿ. ಅಪ್ಪ ಸರ್ಕಾರಿ ನೌಕರ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ರಸ್ತೆ ದಾಟಿದರೆ ಉರ್ದು. ಕನ್ನಡ ಪುಸ್ತಕ ಬೇಕೆಂದರೆ ರಾಯಚೂರಿನಿಂದ ಸೋದರಮಾವನೇ ಬರಬೇಕು. ಅವನ ಟ್ರಂಕಿನಲ್ಲಿ ಒಂದು ಕಡೆ ಜೋಳದ ಹಿಟ್ಟು, ಇನ್ನೊಂದು ಕಡೆ ಶೇಂಗಾ ಹಿಂಡಿ, ನಡುವೆ ಪತ್ತೇದಾರಿ ಕಾದಂಬರಿಗಳು. ಅವು ಅಜ್ಜಿಯ ಮನೆಯವರೆಲ್ಲ ಓದಿ, ಓಣಿಯವರೆಲ್ಲ ಓದಿ, ಮಕ್ಕಳು ಹರಿದು, ಕಟ್ಟಕಡೆಗೆ ನಮಗೆ ಬರುತ್ತಿದ್ದವು. ಮೊದಲ ಪುಟ ಹೋಗಿದ್ದರೆ ಚಿಂತೆಯಿಲ್ಲ, ಹೆಣ ಹೇಗೂ ಎರಡನೆಯ ಅಧ್ಯಾಯದಲ್ಲೇ ಬೀಳುತ್ತದೆ. ಹೋಗುತ್ತಿದ್ದದ್ದು ಯಾವಾಗಲೂ ಕೊನೆಯದು. ಪತ್ತೇದಾರ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಸಿಗರೇಟು ಹಚ್ಚಿ, "ಕೊಲೆಗಾರ ಬೇರೆ ಯಾರೂ ಅಲ್ಲ" ಎನ್ನುತ್ತಾನೆ. ಮುಂದೆ ಪುಸ್ತಕ ಹೊಲಿದ ದಾರ ಮಾತ್ರ.

ಆಗ ನಾನು ಅಳುತ್ತಿದ್ದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಲೇ ಮುಕ್ತಾಯ ಹೇಳುತ್ತಿದ್ದಳು. ಅವಳು ಹೇಳುವ ಮುಕ್ತಾಯದಲ್ಲಿ ಕೊಲೆಗಾರ ಯಾವಾಗಲೂ ಒಬ್ಬನೇ: ಮೀಸೆ ಬಿಟ್ಟ, ಇಸ್ತ್ರಿ ಮಾಡಿದ ಧೋತರ ಉಟ್ಟ, ಮನೆಯ ಹಿರಿಯ. ಅದು ನನ್ನ ದೊಡ್ಡಪ್ಪನ ಚಿತ್ರ ಎಂಬುದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಕಾಲೇಜಿಗೆ ಬಂದ ಮೇಲೆ ಅವುಗಳಲ್ಲೇ ಒಂದು ಕಾದಂಬರಿಯ ಇಡೀ ಪ್ರತಿ ಸಿಕ್ಕಿತು. ಓಡಿ ಬಂದು, "ಅವ್ವಾ, ಕೊಂದಾಂವ ದೊಡ್ಡಪ್ಪ ಅಲ್ಲ, ಡ್ರೈವರ್!" ಎಂದೆ. ಅವ್ವ ತಲೆಯೆತ್ತದೆ, "ಬರದಾಂವಗ ತಿಳದಿಲ್ಲ ಬಿಡು," ಎಂದಳು.

ಮುಂದೆ ನನಗೆ ಸಿಕ್ಕ ನೌಕರಿಯೂ ಇದಕ್ಕೆ ಒಪ್ಪುವಂಥದೇ. ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗ. ತಯಾರಾಗಿ ಬಂದ ವಸ್ತುವಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಅದೇ ಕಣ್ಣು ಮನೆಗೂ ಬಂತು. ಟಿ.ವಿ.ಯಲ್ಲಿ ಪತ್ತೇದಾರಿ ಧಾರಾವಾಹಿ ಹಾಕಿದರೆ ನನ್ನ ಗಂಡ ಮೊದಲು ನನ್ನನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಮುಚ್ಚುತ್ತಾರೆ. ಮದುವೆಮನೆಯಲ್ಲಿ ಯಾರಾದರೂ ಊಟ ಬಿಟ್ಟು ಬೇಗ ಎದ್ದರೆ, "ನಳಿನಿ, ಸುಮ್ನ ಕೂಡು," ಎಂದು ಅಕ್ಕಪಕ್ಕದವರೇ ನನ್ನ ಸೆರಗು ಹಿಡಿಯುತ್ತಾರೆ.

ಕಾರ್ಖಾನೆಯಲ್ಲಿ ನನ್ನಂಥವನೇ ಇನ್ನೊಬ್ಬನಿದ್ದ, ಬಸವರಾಜ ಎಂಬ ಗದಗಿನ ಕಡೆಯ ಎಂಜಿನಿಯರ್. ಕ್ಯಾಂಟೀನಿನಲ್ಲಿ ದಪ್ಪ ಫೈಲು ತೆರೆದಿಟ್ಟುಕೊಂಡು ಊಟಕ್ಕೆ ಕೂರುವವನು. ಎಷ್ಟು ಶ್ರದ್ಧೆ ಎಂದು ನಾನು ಬಗ್ಗಿ ನೋಡಿದರೆ ಫೈಲಿನ ಒಳಗೆ ಪತ್ತೇದಾರಿ ಕಾದಂಬರಿ. ಅವನೇ ನನ್ನನ್ನು ಭೀಮಣ್ಣನವರ ಮನೆಗೆ ಕರೆದುಕೊಂಡು ಹೋದದ್ದು.

ಭೀಮಣ್ಣ ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಮನೆ ಹಿಮಾಯತ್‌ನಗರದಲ್ಲಿ, ಸೀರೆ ಅಂಗಡಿಯ ಮೇಲೆ. ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅಲ್ಲಿ ನಮ್ಮಂಥ ಏಳೆಂಟು ಜನ ಸೇರುತ್ತಿದ್ದೆವು. ಓದಿದ ಕೊಲೆಗಳನ್ನು ಹರಡಿಕೊಂಡು ಜಗಳಾಡುತ್ತಿದ್ದೆವು. ವಿಷ ಇಷ್ಟು ಬೇಗ ಏರುತ್ತದೆಯೇ, ಆ ಕಿಟಕಿಯಿಂದ ದಪ್ಪ ಮನುಷ್ಯ ಹಾರಬಲ್ಲನೇ, ಓದುಗನಿಗೆ ಸುಳಿವು ಕೊಡದೆ ಲೇಖಕ ಮೋಸ ಮಾಡಿದನೇ, ಇಂಥವು ನಮ್ಮ ಪ್ರಪಂಚದ ದೊಡ್ಡ ಪ್ರಶ್ನೆಗಳು. ಒಂದೇ ಕಟ್ಟಳೆ: ಪುಸ್ತಕ ಓದಿ ಮುಗಿಸದವರ ಮುಂದೆ ಕೊಲೆಗಾರನ ಹೆಸರು ಬಾಯಿಬಿಟ್ಟವರು ಅವತ್ತು ಎಲ್ಲರಿಗೂ ಚಹಾ ಮಾಡಬೇಕು. ಬಾಯಿಬಿಟ್ಟವರು ಬಹಳ ಜನ. ಚಹಾ ಮಾಡಿದ್ದು ಮಾತ್ರ ಯಾವಾಗಲೂ ಭೀಮಣ್ಣನವರ ಹೆಂಡತಿ ಸಿಂಧೂಬಾಯಿ, ನಮ್ಮ ಪಾಲಿನ ಸಿಂಧಕ್ಕ.

ಸಿಂಧಕ್ಕನಿಗೆ ಈ ಪುಸ್ತಕಗಳು ಸೇರುತ್ತಿರಲಿಲ್ಲ. "ಯಾರು ಕೊಂದ್ರ ಏನ್ರಿ? ಸತ್ತಾಂವ ಎದ್ದು ಬರ್ತಾನೇನು?" ಎಂದು ಕೇಳಿ ಒಳಗೆ ಹೋಗುವರು. ಇನ್ನೂ ಏನಾದರೂ ಹೇಳಹೊರಟರೆ ಭೀಮಣ್ಣ ನಡುವೆಯೇ ಬಾಯಿ ಹಾಕಿ ಮುಂದಿನ ಕೊಲೆಗೆ ಹೋಗಿಬಿಡುತ್ತಿದ್ದರು.

ಒಮ್ಮೆ ಕನ್ನಡದವರ ಸಮಾರಂಭವೊಂದಕ್ಕೆ ಕರ್ನಾಟಕದಿಂದ ಬಂದ ಅತಿಥಿಯೊಬ್ಬರು, ಪತ್ತೇದಾರಿ ಓದುವುದೆಂದರೆ ರೈಲು ತಡವಾದಾಗ ಮಾಡುವ ಕೆಲಸ ಎಂದು ಭಾಷಣದಲ್ಲಿ ನಕ್ಕುಬಿಟ್ಟರು. ಸಭೆಯೂ ನಕ್ಕಿತು. ಭೀಮಣ್ಣನಿಗೆ ಅದು ನಾಟಿತು. ಮುಂದಿನ ಭಾನುವಾರ ನಾವೆಲ್ಲ ಕೂತಿದ್ದಾಗ ಘೋಷಿಸಿಯೇಬಿಟ್ಟರು.

"ಬೆಂಗಳೂರಾಗ, ಧಾರವಾಡದಾಗ ಬೇಕಾದಷ್ಟು ಕೊಲಿ ಆಗ್ಯಾವ. ನಮ್ಮ ಹಿಮಾಯತ್‌ನಗರದಾಗ, ಕನ್ನಡದಾಗ, ಒಂದರೆ ಕೊಲಿ ಆಗೇದೇನು? ನಾನು ಮಾಡ್ತೀನಿ."

"ಮೊದಲ ಗ್ಯಾಸ್ ಬುಕ್ ಮಾಡ್ರಿ," ಎಂದಿತು ಅಡುಗೆಮನೆ.

ಹಾಗೆ ಶುರುವಾಯಿತು ಅವರ ಕಾದಂಬರಿ. ತಿಂಗಳಿಗೊಂದು ಅಧ್ಯಾಯ ಬರೆದು ನಮ್ಮ ಮುಂದೆ ಓದುವುದು, ಅದರ ಜೆರಾಕ್ಸ್ ಎಲ್ಲರಿಗೂ ಹಂಚುವುದು. ಕಥೆ ಹೀಗೆ: ಹಿಮಾಯತ್‌ನಗರದ ಒಂದು ಹಳೆಯ ಮನೆ. ಅದರ ಮಾಲೀಕ ಅನಂತರಾವ್, ಬಾಯಿಬಡುಕ ಮುದುಕ. ಮೇ ತಿಂಗಳ ಒಂದು ಮಧ್ಯಾಹ್ನ ಆರಾಮಕುರ್ಚಿಯಲ್ಲೇ ಸತ್ತಿರುತ್ತಾನೆ. ಮಜ್ಜಿಗೆಯಲ್ಲಿ ವಿಷ. ಆಸ್ತಿಗಾಗಿ ಕಾದು ಕೂತ ತಮ್ಮನ ಮಗ ಮುಕುಂದನ ಮೇಲೆ ಅನುಮಾನ. ಕೆಳಗಿನ ಮನೆಯಲ್ಲಿರುವ ಕಂಪೌಂಡರನ ಮೇಲೂ ಅನುಮಾನ. ಇವರಲ್ಲದೆ ಆ ಮನೆಯಲ್ಲಿ ಅನಂತರಾವ್‌ನ ವಿಧವೆ ಅತ್ತಿಗೆ ಗೋದಾವರಿಬಾಯಿ ಇದ್ದಾಳೆ. ಪತ್ತೇದಾರ ಶ್ರೀಪಾದನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಿದ್ದೂ ಉಂಡಿ ತಿನ್ನಿಸುವವಳು, ಯಾರು ಏನು ಕೇಳಿದರೂ ಬೇರೇನೋ ಹೇಳುವವಳು. ಅವಳು ಬಂದಾಗಲೆಲ್ಲ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಕೊನೆಗೆ ಒಂದು ಭಾನುವಾರ ಪತ್ತೇದಾರ ಎಲ್ಲರನ್ನೂ ಮಾಳಿಗೆಯ ಮೇಲೆ ಸೇರಿಸಿದ. "ಕೊಲೆ ಮಾಡಿದವರು ಇಲ್ಲೇ ಇದ್ದಾರೆ," ಎಂದ. ಭೀಮಣ್ಣ ಕಾಗದ ಮಡಚಿ, ಕನ್ನಡಕ ತೆಗೆದು, ನಮ್ಮ ಮುಖಗಳನ್ನು ನೋಡುತ್ತ ಸುಖವಾಗಿ ಕೂತರು.

"ಹೇಳ್ರಿ ಭೀಮಣ್ಣ, ಮುಕುಂದನs ಹೌದಲ್ರಿ?" ಎಂದು ನಾನು ಗೋಗರೆದೆ.

"ಕೊನೀ ಅಧ್ಯಾಯ ಇನ್ನಾ ಬರದಿಲ್ಲ. ಎಲ್ಲಾ ತಲ್ಯಾಗ ಅದ," ಎಂದು ಹಣೆ ತಟ್ಟಿಕೊಂಡರು. "ಮುಂದಿನ ತಿಂಗಳ ಬರ್ರಿ."

ಆ ಮುಂದಿನ ತಿಂಗಳು ಬರುವ ಮೊದಲೇ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು: "ಹಂಗಲ್ಲ."

ಅದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಚಹಾ ಬೇಕೇನ್ರಿ ಎಂದರೆ "ಹಂಗಲ್ಲ." ಬೇಡವೇ ಎಂದರೂ "ಹಂಗಲ್ಲ." ಅವರಿಗೆ ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಕಣ್ಣು ಅಷ್ಟು ಚುರುಕಾಗಿತ್ತು. ಹೇಳಬೇಕಾದ ಮಾತು ಒಳಗೆಲ್ಲೋ ಸಿಕ್ಕಿಕೊಂಡು, ಬಾಯಿಗೆ ಬರುವಾಗ ಇದೊಂದೇ ಆಗಿ ಬರುತ್ತಿತ್ತು. ನೋಡಲು ಬಂದ ನೆಂಟರು ಮಂಚದ ಪಕ್ಕದಲ್ಲೇ ನಿಂತು, ಇನ್ನು ಇವರಿಗೆ ತ್ರಾಸು ಕೊಡಬೇಡಿ, ಆರಾಮಾಗಿ ಮಲಗಲಿ ಬಿಡಿ ಎಂದು ಬುದ್ಧಿ ಹೇಳಿ ಹೋದರು. ಅವರು ಮೆಟ್ಟಿಲಿಳಿಯುವುದನ್ನೇ ಕಾದಿದ್ದ ಸಿಂಧಕ್ಕ ಬಾಗಿಲು ಹಾಕಿಕೊಂಡು ಬಂದು, "ಮಲಗಿದ್ದು ಸಾಕು. ಏಳ್ರಿ," ಎಂದರು.

ಮಾತಿನ ತರಬೇತಿಗೆಂದು ಶ್ರಾವಣಿ ಎಂಬ ತೆಲುಗು ಹುಡುಗಿ ಮನೆಗೆ ಬರತೊಡಗಿದಳು. ಮೊದಲ ದಿನ ನಾನೂ ಅಲ್ಲಿದ್ದೆ. ಇವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು, ಅದರಿಂದಲೇ ಶುರು ಮಾಡೋಣ ಎಂದು ಕೇಳಿದಳು. ಸಿಂಧಕ್ಕ ತಡಮಾಡದೆ ತೆಲುಗಿನಲ್ಲಿ, "ಆಯನಕಿ ಹತ್ಯಲಂಟೇ ಚಾಲಾ ಇಷ್ಟಂ ಅಮ್ಮಾ," ಎಂದುಬಿಟ್ಟರು. ಗಂಡನಿಗೆ ಹತ್ಯೆಗಳೆಂದರೆ ಬಹಳ ಪ್ರೀತಿ ಎಂದು ಹೆಂಡತಿಯೇ ಹೇಳುವುದನ್ನು ಕೇಳಿ ಆ ಹುಡುಗಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ನಾನು ಕಾದಂಬರಿಯ ಕಥೆ ವಿವರಿಸಿದೆ. ಮಾಳಿಗೆಯ ದೃಶ್ಯಕ್ಕೆ ಬರುವಷ್ಟರಲ್ಲಿ ಅವಳ ಕುರ್ಚಿ ಮೊದಲಿದ್ದ ಜಾಗಕ್ಕಿಂತಲೂ ಮುಂದೆ ಬಂದಿತ್ತು. ಅವಳ ಅಮ್ಮಮ್ಮನೂ ತೆಲುಗು ಡಿಟೆಕ್ಟಿವ್ ಕಾದಂಬರಿಗಳ ಹುಚ್ಚಿಯಂತೆ. ಈಕೆ ಬೆಳೆದದ್ದೇ ಅವುಗಳ ನಡುವೆ.

"ಎವರು ಚಂಪಾರು ಮೇಡಂ?" ಎಂದಳು. ಕೊಂದವರು ಯಾರು?

"ಅದು ಇವರ ಒಬ್ಬರಿಗೇ ಗೊತ್ತು," ಎಂದು ನಾನು ಮಂಚದ ಕಡೆ ತೋರಿಸಿದೆ. ಭೀಮಣ್ಣ ಕಣ್ಣು ಮುಚ್ಚಿಕೊಂಡರು. ಕಣ್ಣಂಚಿನಿಂದ ನೀರು ಇಳಿಯಿತು.

ಆ ನೀರು ನೋಡಿದ ಮೇಲೆ ನಮ್ಮ ಕೂಟಕ್ಕೆ ಬೇರೆ ಕೆಲಸವೇ ಉಳಿಯಲಿಲ್ಲ. ಶ್ರಾವಣಿ ದಾರಿ ತೋರಿಸಿದಳು. ಅವರ ಕಾದಂಬರಿಯನ್ನೇ ಅವರಿಗೆ ಓದಿ ಹೇಳಿ; ವಾಕ್ಯದ ಕೊನೆಯ ಪದ ಹೇಳದೆ ನಿಲ್ಲಿಸಿ; ಆ ಪದ ಅವರು ಹೇಳಲಿ; ಎಷ್ಟು ಹೊತ್ತಾದರೂ ಕಾಯಿರಿ; ದಯವಿಟ್ಟು ನೀವು ಹೇಳಿಕೊಡಬೇಡಿ. ನಾವು ಸರದಿ ಹಚ್ಚಿಕೊಂಡು ಹೋಗತೊಡಗಿದೆವು. ನಾನು ಈಗ ನಮ್ಮ ಮನೆಯಿರುವ ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿ, ನಡುವೆ ಒಮ್ಮೆ ಗಾಡಿ ಬದಲಿಸಿ, ನಾರಾಯಣಗುಡಾದಲ್ಲಿ ಇಳಿದು ಹಿಮಾಯತ್‌ನಗರದ ಆ ಮೆಟ್ಟಿಲು ಹತ್ತುತ್ತಿದ್ದೆ.

ಕಾಯುವುದು ಹೇಳಿದಷ್ಟು ಸುಲಭವಲ್ಲ. ನೀವೇ ಮಾಡಿ ನೋಡಿ. "ಮುಕುಂದ ಲೋಟ ಎತ್ತಿ ಮೂಸಿ ನೋಡಿದ. ಅದರಲ್ಲಿ ಇದ್ದದ್ದು..." ಎಂದು ನಿಲ್ಲಿಸಬೇಕು. ಎದುರಿಗೆ ಕೂತವರ ತುಟಿ ನಡುಗುತ್ತದೆ, ಕತ್ತಿನ ನರ ಉಬ್ಬುತ್ತದೆ, ಬೆವರು ಮೂಡುತ್ತದೆ. ನಮ್ಮ ಬಾಯಲ್ಲಿ 'ಮಜ್ಜಿಗೆ' ಕುದಿಯುತ್ತಿರುತ್ತದೆ. ನಾನಂತೂ ಎಷ್ಟೋ ಸಲ 'ಮ' ಎಂದುಬಿಟ್ಟಿದ್ದೇನೆ. ಆಗೆಲ್ಲ ಸಿಂಧಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡುವ ನೋಟಕ್ಕೆ ಆ 'ಮ' ಅಲ್ಲಿಯೇ ಸಾಯುತ್ತಿತ್ತು.

ಹಾಗೆ ಓದುತ್ತ ಮಾಳಿಗೆಯ ದೃಶ್ಯಕ್ಕೆ ಬಂದೆವು. "ಕೊಲೆ ಮಾಡಿದವರು ಇಲ್ಲೇ ಇದ್ದಾರೆ," ಎಂದು ಓದಿ ನಿಲ್ಲಿಸಿದೆ. ಅದರ ಮುಂದೆ ಓದಲು ನನ್ನ ಬಳಿಯೂ ಏನೂ ಇರಲಿಲ್ಲ. ಭೀಮಣ್ಣ ಎಡಗೈಯಿಂದ ಮಂಚದ ಅಂಚು ಹಿಡಿದರು.

"ಗೋ... ಗೋದ..."

ಸಿಂಧಕ್ಕ ಅಡುಗೆಮನೆಯಿಂದ ಓಡಿ ಬಂದರು. "ಗೋದಿ! ಗೋದಿ ಅಂದ್ರು, ಕೇಳಿದ್ರೇನು ನಳಿನಿ? ಗೋದಿ ಹುಗ್ಗಿ ಬೇಕಾಗೇದ!"

"ಹಂಗಲ್ಲ," ಎಂದರು ಭೀಮಣ್ಣ.

ಆದರೆ ಕೇಳುವವರಾರು? ತಿಂಗಳುಗಳ ಮೇಲೆ ಬಂದ ಹೊಸ ಮಾತು. ಸಿಂಧಕ್ಕ ಅವತ್ತೇ ಗೋದಿ ಕುಟ್ಟಿ, ಬೆಲ್ಲ ಹಾಕಿ, ದೊಡ್ಡ ಪಾತ್ರೆ ತುಂಬ ಹುಗ್ಗಿ ಮಾಡಿ ಕೆಳಗಿನ ಸೀರೆ ಅಂಗಡಿಯವರಿಗೆಲ್ಲ ಹಂಚಿದರು. ಭೀಮಣ್ಣ ಮಾತ್ರ ಬಟ್ಟಲನ್ನು ಎಡಗೈಯಿಂದ ದೂರ ತಳ್ಳಿ ಗೋಡೆ ನೋಡುತ್ತ ಮಲಗಿದರು. ಬಸವರಾಜ ಬಂದು ತನ್ನ ತರ್ಕ ಹೂಡಿದ. "ಗೋದಿ ಅಲ್ರಿ, ಗೋದಾಮು ಇರಬೇಕು. ವಿಷಾ ಗೋದಾಮಿನ್ಯಾಗ ಇಟ್ಟಿರಬೇಕು." ಇಡೀ ಕಾದಂಬರಿಯಲ್ಲಿ ಗೋದಾಮೇ ಇಲ್ಲ ಎಂದು ನೆನಪು ಮಾಡಿಕೊಟ್ಟೆ. ನನ್ನ ಪಾಲಿನ ಹುಗ್ಗಿಯ ಡಬ್ಬಿ ಹಿಡಿದು ಮೆಟ್ರೋ ಹತ್ತಿದೆ.

ಕೂರಲು ಜಾಗ ಸಿಕ್ಕಿತು. ಜೆರಾಕ್ಸ್ ಹಾಳೆಗಳನ್ನು ತೆಗೆದು, ತಪಾಸಣೆ ವಿಭಾಗದ ಹಳೆಯ ಕಣ್ಣಿನಿಂದ ಮೊದಲಿನಿಂದ ನೋಡುತ್ತ ಬಂದೆ. ಹೆಣ ಸಿಕ್ಕ ದೃಶ್ಯದಲ್ಲಿ ಒಂದು ಸಾಲಿತ್ತು: ಮುಕುಂದ ಒಳಗೆ ಬಂದಾಗ ಕೋಣೆ ಒಲೆಯಂತೆ ಕಾದಿತ್ತು, ಫ್ಯಾನು ನಿಂತಿತ್ತು. ನಾವೆಲ್ಲ ಕರೆಂಟು ಹೋಗಿರಬೇಕು ಎಂದುಕೊಂಡು ಮುಂದೆ ಹೋಗಿದ್ದೆವು. ಆದರೆ ಅದೇ ಪುಟದ ಕೆಳಗೆ ಪಕ್ಕದ ಕೋಣೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ ರೇಡಿಯೋ ಹಾಡುತ್ತಿದೆ. ಹೈದರಾಬಾದಿನ ಮೇ ತಿಂಗಳಲ್ಲಿ, ಮಟಮಟ ಮಧ್ಯಾಹ್ನ, ಕರೆಂಟು ಇರುವಾಗ, ಕುರ್ಚಿಯಲ್ಲಿ ಒರಗಿದ ಮುದುಕ ಫ್ಯಾನು ಆರಿಸಿಕೊಳ್ಳುತ್ತಾನೆಯೇ? ಹೊರಗೆ ಹೋಗುವವರು ಆರಿಸಿದ್ದಾರೆ. ಯಾರು?

ಮೂರನೆಯ ಅಧ್ಯಾಯ ತೆರೆದೆ. ಅಲ್ಲಿ ನಾವು ಅತಿ ಹೆಚ್ಚು ನಕ್ಕ ದೃಶ್ಯ. ಪತ್ತೇದಾರ, ಮುಕುಂದ, ಕಂಪೌಂಡರ್ ಮೂವರೂ ಕೂತು ಮಾತಾಡುತ್ತಿದ್ದಾರೆ. ಉಂಡಿಯ ತಟ್ಟೆ ಇಟ್ಟು ಹೊರಡುವ ಗೋದಾವರಿಬಾಯಿ ಅಭ್ಯಾಸಬಲದಿಂದ ಫ್ಯಾನು ಆರಿಸಿಬಿಡುತ್ತಾಳೆ. "ದೊಡ್ಡವ್ವಾ, ನಾವಿನ್ನಾ ಇಲ್ಲೇ ಇದ್ದೀವಿ!" ಎಂದು ಮುಕುಂದ ಕೂಗುತ್ತಾನೆ.

ಗೋದ. ಗೋದಾವರಿ.

ನಾನು ಮೆಟ್ರೋದಲ್ಲಿ "ಅಯ್ಯೋ ಮುದುಕೀ!" ಎಂದು ಜೋರಾಗಿ ಕೂಗಿಬಿಟ್ಟೆ. ಎದುರಿಗೆ ಕೂತಿದ್ದ ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ನನ್ನ ಪುಣ್ಯ.

ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿನ ಗಾಡಿ ಹತ್ತಿ, ಡಬ್ಬಿಯ ಸಮೇತ ಮತ್ತೆ ಹಿಮಾಯತ್‌ನಗರಕ್ಕೆ ಬಂದೆ. ಮೆಟ್ಟಿಲು ಹತ್ತುವಾಗ ಏದುಸಿರು. ಭೀಮಣ್ಣ ಇನ್ನೂ ಗೋಡೆ ಕಡೆಗೇ ಮುಖ ಮಾಡಿದ್ದರು.

"ಭೀಮಣ್ಣ, ಫ್ಯಾನ್ ಆರಿಸಿದಾಕಿ ಗೋದಾವರಿಬಾಯಿ. ಹೌದಲ್ರಿ?"

ಅವರು ತಿರುಗಿದರು. ನನ್ನ ಮುಖ ನೋಡಿದರು. ಎಡಗೈಯಿಂದ ಹಾಸಿಗೆಯನ್ನು ಪಟಪಟನೆ ಬಡಿದರು, ನಕ್ಕರು, ಅತ್ತರು, ಮತ್ತೆ ನಕ್ಕರು. ಬಳಿಕ ಒಂದೊಂದೇ ಮೆಟ್ಟಿಲು ಹತ್ತುವವರಂತೆ, "ಗೋ... ದಾ... ವ... ರಿ," ಎಂದರು. ಪೂರ್ತಿಯಾಗಿ.

ಸಿಂಧಕ್ಕ ಹುಗ್ಗಿಯ ಸೌಟು ಹಿಡಿದು ನಿಂತಿದ್ದರು. ಅವರಿಗೆ ಸಂತೋಷವೂ ಆಗಿತ್ತು, ಸಿಟ್ಟೂ ಬಂದಿತ್ತು. "ಇಷ್ಟು ವರ್ಷ ಸಂಸಾರ ಮಾಡಿದಾಕಿ ಹೆಸರು ಬರಲಿಲ್ಲ. ವಿಷಾ ಹಾಕಿದಾಕಿ ಹೆಸರು ಬಂತು ನೋಡ್ರಿ!"

ಸುದ್ದಿ ಕೂಟಕ್ಕೆಲ್ಲ ಹರಡಿತು. ಕೊಲೆ ಮಾಡಿದವಳು ಯಾರೆಂದು ಗೊತ್ತಾಯಿತಲ್ಲ, ಇನ್ನೇನು, ನಳಿನಿಬಾಯಿ ಕೊನೆಯ ಅಧ್ಯಾಯ ಬರೆದುಬಿಡಲಿ ಎಂದು ಎಲ್ಲರೂ ಒತ್ತಾಯಿಸಿದರು. ನನಗೂ ಒಳಗೊಳಗೇ ಆಸೆ. ಉಪ್ಪಲ್‌ನ ಮನೆಯಲ್ಲಿ ಕೂತು ಎರಡು ಪುಟ ಬರೆದೆ. ಸಂಜೆಯ ಕೆಂಪು ಆಕಾಶ, ಗೋಪುರದ ಪಾರಿವಾಳಗಳು, ಪಶ್ಚಾತ್ತಾಪದ ಕಣ್ಣೀರು, ಎಲ್ಲವನ್ನೂ ಹಾಕಿದೆ. ಮುಂದಿನ ಭಾನುವಾರ ಎಲ್ಲರ ಮುಂದೆ ಏರಿಳಿತ ಕೊಟ್ಟು ಓದಿದೆ. ಭೀಮಣ್ಣ ಪೂರ್ತಿ ಕೇಳಿಸಿಕೊಂಡರು.

"ಹಂಗಲ್ಲ," ಎಂದರು.

ಲಕ್ವಾ ಹೊಡೆದ ಮೇಲೆ ಅವರ ಆ ಮಾತನ್ನು ಅದರದೇ ಅರ್ಥದಲ್ಲಿ ನಾವು ಕೇಳಿಸಿಕೊಂಡದ್ದು ಅದೇ ಮೊದಲು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

"ಅವರ ಕೊಲಿ ಅವರs ಮುಗಸ್ತಾರ," ಎಂದರು ಸಿಂಧಕ್ಕ. "ಅವರು ಹೇಳಲಿ, ನಾ ಬರಕೋತೀನಿ. ಎಷ್ಟು ದಿನಾ ಹಿಡದರೂ ಹಿಡೀಲಿ."

ಪತ್ತೇದಾರಿ ಎಂದರೆ ಮೂಗು ಮುರಿಯುತ್ತಿದ್ದ ಸಿಂಧಕ್ಕ ಪೆನ್ನು ಹಿಡಿದು ಮಂಚದ ಪಕ್ಕ ಕೂತರು. ಕೆಲವು ದಿನ ಒಂದು ವಾಕ್ಯ ಬರುತ್ತಿತ್ತು. ಕೆಲವು ದಿನ ಒಂದು ಪದ. ಕೆಲವು ದಿನ ಬರೀ ಬೆವರು. ಬೇಸಿಗೆ ಬಂತು. ಕಥೆಗಳಲ್ಲಿ ಓದುವ ಹಾಗೆ ಏರುತ್ತಲೇ ಹೋಗುವ ಚೇತರಿಕೆಯಲ್ಲ ಅದು; ಹಿಂದಿನ ವಾರ ಬಂದ ಪದ ಈ ವಾರ ಕೈಕೊಡುತ್ತಿತ್ತು. ಒಂದು ಬೆಳಿಗ್ಗೆ 'ಮಾಳಿಗೆ' ಎಂಬ ಪದ ಎಷ್ಟು ತಡಕಿದರೂ ಸಿಗದೆ ಭೀಮಣ್ಣ ಎಡಗೈಯಿಂದ ಹಾಳೆಗಳನ್ನು ಬೀಸಿ ಎಸೆದರು. ಆಮೇಲೆ ಬಾಯಿ ತೆರೆಯಲೇ ಇಲ್ಲ. ಶ್ರಾವಣಿ ಬಂದರೆ ಕಣ್ಣು ಮುಚ್ಚಿಕೊಳ್ಳುವರು. ನಾವು ಓದಿದರೆ ಹೊದಿಕೆ ಎಳೆದುಕೊಳ್ಳುವರು. 'ಹಂಗಲ್ಲ' ಕೂಡ ನಿಂತುಹೋಯಿತು. ಆ ಒಂದು ಮಾತಿಲ್ಲದ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂದು ನಮಗೆ ಆಗ ಗೊತ್ತಾಯಿತು.

ಸಿಂಧಕ್ಕ ಎಸೆದ ಹಾಳೆಗಳನ್ನು ಆರಿಸಿ, ನೆರಿಗೆ ಬಿಡಿಸಿ, ಹಾಸಿಗೆಯ ಕೆಳಗೆ ಇಟ್ಟು ಇಸ್ತ್ರಿ ಮಾಡಿದರು. ಅಡುಗೆಮನೆಯಲ್ಲಿ ನನ್ನ ಮುಂದೆ ಮಾತ್ರ ಒಮ್ಮೆ, "ನನಗೂ ಸಾಕಾಗೇದ ನಳಿನಿ. ಆದರ ನಾ ಬಿಟ್ಟೆ ಅಂದ್ರ ಅವರೂ ಬಿಡ್ತಾರ," ಎಂದರು. ಒಲೆ ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡರು.

ಬಸವರಾಜನಿಗೆ ಒಂದು ಉಪಾಯ ಹೊಳೆದದ್ದು ಆಗ. ನಮಗೂ ಹೇಳಲಿಲ್ಲ. ಒಂದು ಭಾನುವಾರ ಬಂದವನೇ, "ಇವತ್ತ ನಾ ಓದ್ತೀನ್ರಿ. ನೀವೆಲ್ಲಾ ಸುಮ್ನ ಕೂಡ್ರಿ," ಎಂದು ಮೂರನೆಯ ಅಧ್ಯಾಯ ತೆಗೆದ. ಭೀಮಣ್ಣ ಎಂದಿನಂತೆ ಹೊದಿಕೆಯೊಳಗೆ. ಅವನು ಓದುತ್ತ ಹೋದ. ಓದಿನಲ್ಲಿ ಏನೋ ಎಡವಟ್ಟು. ಪತ್ತೇದಾರನ ಹೆಸರು ತಪ್ಪು ಹೇಳಿದ. ಉಂಡಿಯ ಬದಲು ಚಕ್ಕುಲಿ ಎಂದ. ಹೊದಿಕೆ ಸ್ವಲ್ಪ ಮಿಸುಕಾಡಿತು. ನಾನು ತಿದ್ದಲು ಹೋದರೆ ಬಸವರಾಜ ಕಣ್ಣಲ್ಲೇ ಗದರಿಸಿದ.

"ಗೋದಾವರಿಬಾಯಿ ತಟ್ಟೆ ಇಟ್ಟು ಎದ್ದಳು," ಎಂದು ಓದಿದ. "ಬಾಗಿಲ ತನಕ ಬಂದಳು. ಫ್ಯಾನನ್ನು ಹಾಗೇ ತಿರುಗಲು ಬಿಟ್ಟು ಹೊರಗೆ ಹೋದಳು."

ಹೊದಿಕೆ ಹಾರಿತು.

"ಆರ್ಸೂ!" ಎಂದು ಭೀಮಣ್ಣ ಗರ್ಜಿಸಿದರು. ಎದ್ದು ಕೂತಿದ್ದರು. ಮುಖ ಕೆಂಪಾಗಿತ್ತು. "ಫ್ಯಾನ್... ಆರ್ಸೂ! ಆರ್ಸ್ಯಾಳ!"

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಬಸವರಾಜ ಏನೂ ಆಗದವನಂತೆ ಹಾಳೆ ನೋಡುತ್ತ, "ಹೌದೇನ್ರಿ? ಆರಸಿದ್ರೇನು, ಬಿಟ್ರೇನು, ಏನ್ ಫರಕ್ ಐತ್ರಿ?" ಎಂದ.

ಬರೆದವನ ಮುಂದೆ ಆಡಬಾರದ ಮಾತು ಅದು. ಭೀಮಣ್ಣ ಅವತ್ತು ಅವನಿಗೆ ಮುರಿದ ಪದಗಳಲ್ಲಿ, ಅರ್ಧ ವಾಕ್ಯಗಳಲ್ಲಿ, ಎಡಗೈಯಿಂದ ಮಂಚ ಗುದ್ದುತ್ತ, ಏನು ಫರಕು ಎಂದು ತಿಳಿಸಿಕೊಟ್ಟರು. ಸಂಜೆ ಚಹಾದ ಹೊತ್ತಿಗೆ ಅವರಿಬ್ಬರ ಜಗಳ ಇನ್ನೂ ಮುಗಿದಿರಲಿಲ್ಲ. ಸಿಂಧಕ್ಕ ಹಾಸಿಗೆಯ ಕೆಳಗಿನ ಹಾಳೆಗಳನ್ನು ಹೊರಗೆ ತೆಗೆದರು.

ಅಲ್ಲಿಂದ ಮುಂದೆ ಭೀಮಣ್ಣ ಹಟ ಹಿಡಿದವರಂತೆ ದುಡಿದರು. ಬೆಳಿಗ್ಗೆ ಸ್ನಾನ ಮಾಡಿ ಆಫೀಸಿಗೆ ಹೋಗುವವರಂತೆ ಅಂಗಿ ತೊಟ್ಟು, ಮಂಚ ಬಿಟ್ಟು ಕುರ್ಚಿಯಲ್ಲಿ ಕೂರುವರು. ಸಿಗದ ಪದಕ್ಕೆ ಸುತ್ತು ಹಾಕಿ ಬೇರೆ ಪದದಿಂದ ಬರುವುದನ್ನು ಶ್ರಾವಣಿ ಕಲಿಸಿದಳು. 'ಮಾಳಿಗೆ' ಬರದಿದ್ದರೆ 'ಮೇಲೆ, ಆಕಾಶ ಕಾಣುವ ಜಾಗ' ಎನ್ನುವರು. ನನಗೆ ಕೇಳಿದರೆ ಕಾದಂಬರಿಯ ಭಾಷೆ ಅದರಿಂದ ಸುಧಾರಿಸಿತು. ಮೊದಲಿನ ಅಧ್ಯಾಯಗಳಲ್ಲಿ ಒಂದು ಸಂಗತಿಗೆ ಮೂರು ವಿಶೇಷಣ ಹಚ್ಚುತ್ತಿದ್ದ ಭೀಮಣ್ಣ ಈಗ ಒಂದು ಪದವನ್ನೂ ಪುಕ್ಕಟೆ ಖರ್ಚು ಮಾಡುತ್ತಿರಲಿಲ್ಲ.

ಕೊನೆಗೂ ಒಂದು ಭಾನುವಾರ ಫೋನು ಬಂತು. "ಬರ್ರಿ. ಮುಗದದ," ಎಂದರು ಸಿಂಧಕ್ಕ.

ಎಲ್ಲರೂ ಬಂದಿದ್ದೆವು. ಶ್ರಾವಣಿ ತನ್ನ ಅಮ್ಮಮ್ಮನನ್ನೂ ಕರೆತಂದಿದ್ದಳು. ಆ ಅಜ್ಜಿಗೆ ಕನ್ನಡ ಬರದು. ಆದರೆ ಕೊಲೆಗಾರ ಸಿಗುವ ಹೊತ್ತಿಗೆ ತಾನು ಅಲ್ಲಿರಬೇಕು ಎಂದು ಹಟ ಮಾಡಿ ಬಂದಿದ್ದರು. ಸಿಂಧಕ್ಕ ಹೆಬ್ಬೆರಳಿನಷ್ಟು ದಪ್ಪ ಅಕ್ಷರಗಳಲ್ಲಿ ಬರೆದ ಹಾಳೆಗಳನ್ನು ಗಂಡನ ತೊಡೆಯ ಮೇಲಿಟ್ಟರು. ಬೇರೆ ಯಾರೂ ಓದಕೂಡದು, ಭೀಮಣ್ಣನೇ ಓದುವುದು. ಸಿಂಧಕ್ಕ ನಮ್ಮೆಲ್ಲರನ್ನೂ ಒಮ್ಮೆ ನೋಡಿ, "ಯಾರೂ ನಡುವ ಬಾಯಿ ಹಾಕಬ್ಯಾಡ್ರಿ," ಎಂದರು.

ಭೀಮಣ್ಣ ಓದಿದರು. ಒಂದು ಸಾಲು, ನಿಲುಗಡೆ. ಅರ್ಧ ಸಾಲು, ದೊಡ್ಡ ನಿಲುಗಡೆ. ಕೆಳಗೆ ಅಂಗಡಿಯವರು ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವ ಸದ್ದು ಕೇಳುತ್ತಿತ್ತು. ಪತ್ತೇದಾರ ಶ್ರೀಪಾದ ಫ್ಯಾನಿನ ಸುಳಿವು ಬಿಡಿಸಿ ಹೇಳಿದ. ಮುಕುಂದ ನಂಬಲಿಲ್ಲ. ಗೋದಾವರಿಬಾಯಿ ಅಲ್ಲಗಳೆಯಲಿಲ್ಲ. ಯಾಕೆ ಕೊಂದಿರಿ ಎಂದು ಪತ್ತೇದಾರ ಕೇಳಿದ.

ಇಲ್ಲಿ ಭೀಮಣ್ಣ ಸಿಕ್ಕಿಬಿದ್ದರು. ಹಾಳೆಯ ಮೇಲೆ ಬೆರಳಿದೆ, ತುಟಿ ಅಲುಗುತ್ತಿದೆ, ಪದ ಬರುತ್ತಿಲ್ಲ. ಬಸವರಾಜ ಕೆಳಗೆ ನೋಡುತ್ತಿದ್ದ. ನಾನು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಎಷ್ಟು ಹೊತ್ತೋ ಕಾದೆವು. ಅವರು ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು, ಹಾಳೆ ನೋಡದೆಯೇ ಹೇಳಿದರು.

"ಈ ಮನೆಗೆ ಬಂದಾಗಿನಿಂದ... ಆತ ನನಗೆ... ಒಂದು ಮಾತನ್ನೂ... ಮುಗಿಸಲು ಬಿಡಲಿಲ್ಲ."

ಹಾಳೆ ಕೆಳಗಿಟ್ಟರು. ಅಷ್ಟೇ. ಕಾದಂಬರಿ ಮುಗಿದಿತ್ತು.

ಶ್ರಾವಣಿ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಅಮ್ಮಮ್ಮ ಮೊದಲು ಚಪ್ಪಾಳೆ ತಟ್ಟಿದರು. ಬಳಿಕ ನಾವೆಲ್ಲ ತಟ್ಟಿದೆವು, ಬಹಳ ಹೊತ್ತು ತಟ್ಟಿದೆವು. ಭೀಮಣ್ಣನ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು. ಮುಖ ಮಾತ್ರ, ಮಾಳಿಗೆಯ ದೃಶ್ಯ ಓದಿ ಕಾಗದ ಮಡಚಿದ ದಿನದಷ್ಟೇ ಸುಖವಾಗಿತ್ತು.

ಆದರೆ ನಮ್ಮದು ಪತ್ತೇದಾರಿ ಓದುಗರ ಕೂಟ. ಕಣ್ಣೊರೆಸಿಕೊಳ್ಳುತ್ತಲೇ ಜಗಳ ಶುರುವಾಯಿತು.

"ಸುಳಿವು ಛಲೋ ಐತ್ರಿ," ಎಂದ ಬಸವರಾಜ. "ಆದ್ರ ಕಾರಣ ಸಾಲಂಗಿಲ್ಲ. ಮಾತ ಮುಗಸಾಕ ಬಿಡಲಿಲ್ಲ ಅಂತ ಯಾರರೆ ವಿಷಾ ಹಾಕ್ತಾರೇನ್ರಿ? ಆಸ್ತಿ ಇರಬೇಕು, ಹಗೆ ಇರಬೇಕು. ಇಷ್ಟಕ್ಕ ಕೊಲಿ ಮಾಡ್ತಾರೇನು?"

"ಮಾಡ್ತಾರ," ಎಂದರು ಸಿಂಧಕ್ಕ.

ಅವರು ಚಹಾದ ತಟ್ಟೆ ಹಿಡಿದು ಗಂಡನ ಮುಂದೆ ನಿಂತಿದ್ದರು. ಎಲ್ಲರೂ ಅವರ ಕಡೆ ತಿರುಗಿದೆವು. ಭೀಮಣ್ಣ ಏನೋ ಹೇಳಲು ಬಾಯಿ ತೆರೆದರು. ನಾವು ಕಾದೆವು. ಅವರು ಹೆಂಡತಿಯ ಮುಖ ನೋಡಿದರು, ಬಾಯಿ ಮುಚ್ಚಿಕೊಂಡರು, ಎಡಗೈ ಚಾಚಿ ಮೆಲ್ಲನೆ ಒಂದು ಕಪ್ಪು ಎತ್ತಿಕೊಂಡರು.